ಮೊರೆಯಿಟ್ಟರೆ ನಾಳೆ ಬದಲಾದೀತೇ?

ಅರಸನಿಗೆ ಹುಣ್ಣಾಗಿತ್ತು. ವಾಸಿಯಾಗುವ ಹುಣ್ಣಲ್ಲ. ಯೆಹೂದ ದೇಶದ ದೊರೆ ಹಿಜ್ಕೀಯ ಹಾಸಿಗೆ ಹಿಡಿದಿದ್ದಾಗ ಪ್ರವಾದಿ ಯೆಶಾಯ ಅರಮನೆಗೆ ಬಂದ. ಕುಶಲ ವಿಚಾರಿಸಲು ಬಂದವನಲ್ಲ. ಅರಸ ಇನ್ನು ಬದುಕುವುದಿಲ್ಲ, ಮನೆಯ ಏರ್ಪಾಡೆಲ್ಲ ಈಗಲೇ ಮಾಡಿಕೊಳ್ಳಲಿ ಎಂಬ ದೇವರ ಮಾತನ್ನು ಮುಟ್ಟಿಸಲು ಬಂದವನು. ಮಾತಿನಲ್ಲಿ ‘ಒಂದು ವೇಳೆ’ ಇರಲಿಲ್ಲ, ‘ಆದರೆ’ ಇರಲಿಲ್ಲ.

ಅರಸ ಗೋಡೆಯ ಕಡೆ ಮುಖ ತಿರುಗಿಸಿದ. ತಾನು ನಿಯತ್ತಿನಿಂದ ನಡೆದುಕೊಂಡದ್ದನ್ನು ದೇವರಿಗೆ ನೆನಪು ಮಾಡಿಕೊಟ್ಟು ಬಿಕ್ಕಿ ಬಿಕ್ಕಿ ಅತ್ತ. ಯೆಶಾಯ ಇನ್ನೂ ಅರಮನೆಯ ನಡು ಅಂಗಳವನ್ನು ದಾಟಿರಲಿಲ್ಲ, ಹಿಂದಿರುಗುವಂತೆ ಅಪ್ಪಣೆಯಾಯಿತು. ಅರಸನ ಮೊರೆ ಮುಟ್ಟಿದೆ, ಮೂರನೆಯ ದಿನ ಅವನು ಎದ್ದು ದೇವಾಲಯಕ್ಕೆ ಹೋಗುತ್ತಾನೆ, ಅವನ ಆಯುಷ್ಯಕ್ಕೆ 15 ವರ್ಷ ಸೇರಿಸಲಾಗಿದೆ ಎಂಬುದು ಹೊಸ ಸಂದೇಶ. ಅಂಜೂರದ ಹಣ್ಣಿನ ಮುದ್ದೆಯನ್ನು ಹುಣ್ಣಿಗೆ ಕಟ್ಟಿದರು. ಈ ಮಾತಿಗೆ ಗುರುತಾಗಿ ಆಹಾಜನ ಮೆಟ್ಟಿಲುಗಳ ಮೇಲೆ ಬಿದ್ದಿದ್ದ ನೆರಳು ಹತ್ತು ಮೆಟ್ಟಿಲು ಹಿಂದಕ್ಕೆ ಸರಿಯಿತಂತೆ.

ಕ್ರಿ.ಪೂ. ಎಂಟನೆಯ ಶತಮಾನದ ಕೊನೆಯ ಭಾಗದ ಈ ಕಥೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಎರಡು ಕಡೆ ವಿವರವಾಗಿ ಬರುತ್ತದೆ. ಅರಸುಗಳ ಎರಡನೆಯ ಪುಸ್ತಕದ 20ನೆಯ ಅಧ್ಯಾಯದಲ್ಲಿ ಒಮ್ಮೆ, ಯೆಶಾಯನ ಗ್ರಂಥದ 38ನೆಯ ಅಧ್ಯಾಯದಲ್ಲಿ ಇನ್ನೊಮ್ಮೆ. ಕೇಳುಗರಲ್ಲಿ ಹಲವರಿಗೆ ಹದಿನಾರರ ಮಾರ್ಕಂಡೇಯನ ನೆನಪಾಗಬಹುದು. ಅಲ್ಲಿ ಯಮನಿಗೂ ಶಿವನಿಗೂ ನಡುವೆ ಜಗ್ಗಾಟವಿದೆ; ಕೊಲ್ಲಲು ಬಂದವನು ಒಬ್ಬ, ಕಾಯಲು ಬಂದವನು ಇನ್ನೊಬ್ಬ. ಹಿಜ್ಕೀಯನ ಕಥೆಯ ತೊಡಕೇ ಬೇರೆ. ಇಲ್ಲಿ ಸಾವಿನ ತೀರ್ಪು ಕೊಟ್ಟವನೂ ಅದನ್ನು ಹಿಂತೆಗೆದುಕೊಂಡವನೂ ಒಬ್ಬನೇ ದೇವರು. ಅವನು ಸರ್ವಜ್ಞ, ಅವನ ಮಾತು ತಪ್ಪದು ಎಂಬುದು ಕ್ರೈಸ್ತರ ನಂಬಿಕೆ. ಹಾಗಾದರೆ ಮೊದಲ ಸಂದೇಶ ಏನಾಗಿತ್ತು? ಅದು ನಿಜವಾಗಿದ್ದರೆ ಅರಸ ಸಾಯಬೇಕಿತ್ತು. ಅವನು ಬದುಕುವುದು ದೇವರಿಗೆ ಮೊದಲೇ ಗೊತ್ತಿದ್ದರೆ ಸಾಯುತ್ತಾನೆಂದು ಹೇಳಿ ಕಳಿಸಿದ್ದೇಕೆ?

ಎರಡು ಸಾವಿರ ವರ್ಷಗಳಿಂದ ಕ್ರೈಸ್ತ ಚಿಂತಕರು ಈ ಪ್ರಶ್ನೆಯ ಸುತ್ತ ತಿರುಗಿದ್ದಾರೆ. ಇದು ಬರೀ ಪಂಡಿತರ ಚರ್ಚೆಯಲ್ಲ. ಆಸ್ಪತ್ರೆಯ ವರಾಂಡದಲ್ಲಿ ಜಪಮಾಲೆ ಹಿಡಿದು ಕೂತ ತಾಯಿಗೂ ಇದೇ ಪ್ರಶ್ನೆ. ಒಳಗೆ ಆಗಬೇಕಾದ್ದು ಆಗಲೇ ನಿಶ್ಚಯವಾಗಿದ್ದರೆ ಹೊರಗೆ ಕೂತು ಬೇಡುವುದರಿಂದ ಏನು ಬಂತು?

ಬೈಬಲು ಈ ವಿಷಯದಲ್ಲಿ ಒಂದೇ ಉತ್ತರ ಕೊಡುವುದಿಲ್ಲ. ಸಮುವೇಲನ ಮೊದಲನೆಯ ಪುಸ್ತಕದ 15ನೆಯ ಅಧ್ಯಾಯವನ್ನೇ ನೋಡಬಹುದು. ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ದೇವರು ಮರುಗಿದನೆಂದು ಆ ಅಧ್ಯಾಯ ಹೇಳುತ್ತದೆ. ದೇವರು ಮನುಷ್ಯನಲ್ಲ, ಅವನು ಮನಸ್ಸು ಬದಲಿಸುವವನಲ್ಲ ಎಂದು ಅದೇ ಅಧ್ಯಾಯದಲ್ಲಿ ಸಮುವೇಲ ಸಾರುತ್ತಾನೆ. ಎರಡೂ ಕಡೆ ಇರುವ ಹೀಬ್ರೂ ಪದ ಒಂದೇ. ಮರುಗುವುದು, ಮನಸ್ಸು ಬದಲಿಸುವುದು, ಸಮಾಧಾನ ಹೊಂದುವುದು ಎಂಬ ಮೂರು ಅರ್ಥಗಳೂ ಆ ಪದಕ್ಕಿವೆ. ಪುಸ್ತಕವನ್ನು ಜೋಡಿಸಿದವರ ಕಣ್ಣಿಗೆ ಈ ವಿರೋಧ ಬೀಳಲಿಲ್ಲವೆಂದು ತಿಳಿಯುವುದು ಅವರಿಗೆ ಮಾಡುವ ಅನ್ಯಾಯ. ಬೇಕೆಂದೇ ಎರಡನ್ನೂ ಇಟ್ಟಿರಬೇಕು.

ನಿನೆವೆಯ ಕಥೆಯಲ್ಲಿ ಸ್ವಲ್ಪ ಹಾಸ್ಯವೂ ಇದೆ. 40 ದಿನಗಳಲ್ಲಿ ನಗರ ನಾಶವಾಗುತ್ತದೆಂದು ಪ್ರವಾದಿ ಯೋನ ಸಾರುತ್ತಾನೆ. ಅರಸನಿಂದ ಹಿಡಿದು ಆಳಿನವರೆಗೆ ಎಲ್ಲರೂ ಗೋಣಿತಟ್ಟು ಉಟ್ಟು ಉಪವಾಸ ಮಾಡುತ್ತಾರೆ, ದನಕುರಿಗಳಿಗೂ ಗೋಣಿತಟ್ಟು ಹೊದಿಸುತ್ತಾರೆ. ನಾಶ ತಪ್ಪುತ್ತದೆ. ಅದಕ್ಕೆ ಸಂತೋಷಪಡದವನು ಯೋನ ಒಬ್ಬನೇ. ತನ್ನ ಭವಿಷ್ಯವಾಣಿ ಸುಳ್ಳಾಯಿತಲ್ಲ ಎಂದು ಊರ ಹೊರಗೆ ಮುನಿಸಿಕೊಂಡು ಕೂರುತ್ತಾನೆ. ಇಂಥ ಕಥೆಗಳಿಗೆ ಸೂತ್ರದಂತಿರುವುದು ಯೆರೆಮೀಯನ ಗ್ರಂಥದ 18ನೆಯ ಅಧ್ಯಾಯದ ಕುಂಬಾರ. ತಿಗರಿಯ ಮೇಲೆ ಪಾತ್ರೆ ಕೆಟ್ಟರೆ ಕುಂಬಾರ ಅದೇ ಮಣ್ಣಿನಿಂದ ಬೇರೆ ಪಾತ್ರೆ ಮಾಡುತ್ತಾನೆ. ಹಾಗೆಯೇ ಕೆಡುಕನ್ನು ಬಿಟ್ಟ ಜನಾಂಗಕ್ಕೆ ವಿಧಿಸಿದ್ದ ಶಿಕ್ಷೆಯನ್ನು ದೇವರು ಕೈಬಿಡುತ್ತಾನೆ ಎಂಬುದು ಆ ಉಪಮೆಯ ತಾತ್ಪರ್ಯ. ಅಂದರೆ ಭವಿಷ್ಯವಾಣಿ ಎಂಬುದು ರೈಲ್ವೆ ವೇಳಾಪಟ್ಟಿಯಲ್ಲ. ಅದು ಹೆಚ್ಚುಕಡಿಮೆ ವೈದ್ಯರ ಎಚ್ಚರಿಕೆಯ ಹಾಗೆ.

ಈ ಸೂತ್ರ ಹಿಡಿದು ಹೊರಟರೆ ಎಲ್ಲ ಸಲೀಸಾಯಿತು ಎನ್ನುವಷ್ಟರಲ್ಲಿ ದಾವೀದನ ಮಗು ಅಡ್ಡ ಬರುತ್ತದೆ. ದಾವೀದನಿಗೂ ಬತ್ಷೆಬೆಗೂ ಹುಟ್ಟಿದ ಕೂಸು ಸಾಯುತ್ತದೆಂದು ಪ್ರವಾದಿ ನಾತಾನ ಹೇಳುತ್ತಾನೆ. ತಪ್ಪು ತಂದೆಯದು, ಸಾಯುವುದು ಮಗು. ದಾವೀದ ಊಟ ಬಿಟ್ಟ, ರಾತ್ರಿಯೆಲ್ಲ ನೆಲದ ಮೇಲೆ ಬಿದ್ದು ಬೇಡಿದ. ಹಿರಿಯರು ಎಬ್ಬಿಸಲು ಬಂದರೂ ಏಳಲಿಲ್ಲ. ಏಳನೆಯ ದಿನ ಮಗು ತೀರಿಕೊಂಡಿತು. ಸುದ್ದಿ ಹೇಳಲು ಸೇವಕರು ಹೆದರಿದರು. ಅವರ ಪಿಸುಮಾತಿನಿಂದಲೇ ದಾವೀದನಿಗೆ ತಿಳಿಯಿತು. ಅವನು ಎದ್ದು ಸ್ನಾನ ಮಾಡಿ, ಬಟ್ಟೆ ಬದಲಿಸಿ, ದೇವರ ಮನೆಗೆ ಹೋಗಿ ಬಂದು, ಊಟ ಕೇಳಿದ. ಮಗು ಬದುಕಿದ್ದಾಗ ಉಪವಾಸ, ಸತ್ತಾಗ ಊಟವೇ ಎಂದು ಸೇವಕರಿಗೆ ಅಚ್ಚರಿ. ದೇವರು ಕರುಣಿಸಿಯಾನೋ ಏನೋ, ಯಾರಿಗೆ ಗೊತ್ತು ಎಂಬ ಆಸೆಯಿಂದ ಅತ್ತಿದ್ದಾಯಿತು, ಈಗ ಅತ್ತರೆ ಮಗು ಹಿಂದಿರುಗುವುದೇ ಎಂಬರ್ಥದ ಉತ್ತರ ಕೊಟ್ಟನಂತೆ. ಹಿಜ್ಕೀಯನೂ ಅತ್ತ, ದಾವೀದನೂ ಅತ್ತ. ಒಬ್ಬನಿಗೆ 15 ವರ್ಷ ಸಿಕ್ಕಿತು, ಇನ್ನೊಬ್ಬನಿಗೆ ಏನೂ ಸಿಗಲಿಲ್ಲ. ದಾವೀದನ ಅಳು ಕಡಿಮೆಯಾಯಿತೆಂದು ಬೈಬಲು ಎಲ್ಲಿಯೂ ಹೇಳುವುದಿಲ್ಲ.

ಸಿಕ್ಕ 15 ವರ್ಷವಾದರೂ ಏನಾಯಿತು? ಹಿಜ್ಕೀಯನ ತರುವಾಯ ಪಟ್ಟಕ್ಕೆ ಬಂದ ಮಗ ಮನಸ್ಸೆಗೆ ಆಗ 12 ವರ್ಷವೆಂದು ಅರಸುಗಳ ಪುಸ್ತಕ ಲೆಕ್ಕ ಕೊಡುತ್ತದೆ. 15ರಲ್ಲಿ 12 ಕಳೆದರೆ ಈ ಮಗ ಹುಟ್ಟಿದ್ದು ತಂದೆ ಬೇಡಿ ಪಡೆದ ಆಯುಷ್ಯದಲ್ಲಿ ಎಂದಾಯಿತು. (ತಂದೆಮಕ್ಕಳು ಕೆಲವು ಕಾಲ ಜೊತೆಯಾಗಿ ಆಳಿರಬೇಕೆಂಬ ಊಹೆಯಿಂದ ಬೇರೆ ಲೆಕ್ಕ ಹಾಕುವ ವಿದ್ವಾಂಸರೂ ಉಂಟು.) ಆ ಮನಸ್ಸೆ 55 ವರ್ಷ ಆಳಿದ. ಯೆಹೂದದ ಅರಸರಲ್ಲೇ ಅತಿ ಕೆಟ್ಟವನೆಂದು ಅದೇ ಪುಸ್ತಕ ಅವನನ್ನು ಜರೆಯುತ್ತದೆ. ಕೊನೆಗೆ ರಾಜ್ಯ ಬಾಬಿಲೋನಿನ ಪಾಲಾದದ್ದಕ್ಕೆ ಅವನ ಪಾಪವನ್ನೇ ಕಾರಣವಾಗಿ ಕೊಡುತ್ತದೆ. ಹಿಜ್ಕೀಯ ಅಂದೇ ಸತ್ತಿದ್ದರೆ ಎಂದು ಯೋಚಿಸಿ ಬೆಚ್ಚಿದ ಬೋಧಕರು ಒಬ್ಬಿಬ್ಬರಲ್ಲ. ಬೇಡಿದ್ದು ಸಿಗುವುದೂ ಸದಾ ಲಾಭದ ಬಾಬತ್ತಲ್ಲವೆಂಬುದಕ್ಕೆ ಇದು ಅವರ ಮೆಚ್ಚಿನ ಉದಾಹರಣೆ.

ಕಥೆಗಳಿಂದ ತರ್ಕಕ್ಕೆ ಬಂದರೆ ಮೊದಲು ಎದುರಾಗುವವನು ಓರಿಜೆನ್. ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿ ಪ್ಯಾಲೆಸ್ತೀನಿನ ಸಿಸೇರಿಯಾದಲ್ಲಿ ನೆಲೆಸಿದ ಈ ಗ್ರೀಕ್ ಪಂಡಿತನಿಗೆ ಆಂಬ್ರೋಸ್ ಎಂಬ ಸಿರಿವಂತ ಮಿತ್ರನಿದ್ದ. ಓರಿಜೆನ್ ಹೇಳಿದ್ದನ್ನು ಬರೆದುಕೊಳ್ಳಲು ಆಂಬ್ರೋಸ್ ತನ್ನ ಖರ್ಚಿನಲ್ಲಿ ಏಳಕ್ಕೂ ಹೆಚ್ಚು ಶೀಘ್ರಲಿಪಿಕಾರರನ್ನು ಒದಗಿಸಿದ್ದನೆಂದು ಚರ್ಚಿನ ಇತಿಹಾಸಕಾರ ಯೂಸೇಬಿಯಸ್ ದಾಖಲಿಸಿದ್ದಾನೆ. ಇಂದಿನ ಪತ್ರಿಕಾ ಕಚೇರಿಗಳಿಗೂ ಇಲ್ಲದ ಸೌಕರ್ಯ! ಆ ಮಿತ್ರನೇ ಕಾಗದ ಬರೆದು ಕೇಳಿದ್ದು ಇದು: ದೇವರಿಗೆ ಎಲ್ಲವೂ ಮೊದಲೇ ಗೊತ್ತು, ಗೊತ್ತಿದ್ದದ್ದು ನಡೆದೇ ತೀರುತ್ತದೆ, ಅಂದ ಮೇಲೆ ಪ್ರಾರ್ಥನೆ ವ್ಯರ್ಥವಲ್ಲವೇ? ಕ್ರಿ.ಶ. 233ರ ಸುಮಾರಿನಲ್ಲಿ ಓರಿಜೆನ್ ಇದಕ್ಕೆ ಒಂದು ಇಡೀ ಗ್ರಂಥದ ಉತ್ತರ ಬರೆದ. ಪ್ರಾರ್ಥನೆಯ ಕುರಿತು ನಮಗೆ ದೊರೆತಿರುವ ಅತ್ಯಂತ ಹಳೆಯ ಕ್ರೈಸ್ತ ಗ್ರಂಥಗಳಲ್ಲಿ ಅದೂ ಒಂದು.

ಓರಿಜೆನ್ ಎಲ್ಲಕ್ಕೂ ಪ್ರಾರ್ಥಿಸಬಹುದೆಂದು ಹೇಳಿದವನಲ್ಲ. ಸೂರ್ಯ ಹುಟ್ಟಲಿ ಎಂದು ಬೇಡುವುದು ಹುಚ್ಚು, ಏಕೆಂದರೆ ಬೇಡದಿದ್ದರೂ ಅವನು ಹುಟ್ಟುತ್ತಾನೆ. ಬೇಸಿಗೆಯ ಧಗೆ ತಾಳದೆ ಸೂರ್ಯ ವಸಂತದ ಜಾಗಕ್ಕೆ ಸರಿಯಲಿ ಎಂದು ಬೇಡುವುದು ಅದಕ್ಕಿಂತ ದೊಡ್ಡ ಹುಚ್ಚು. ಆದರೆ ಮನುಷ್ಯನ ನಡೆ ಸೂರ್ಯನ ನಡೆಯಂತಲ್ಲ, ಅವನಿಗೆ ಸ್ವಂತ ಇಚ್ಛೆಯಿದೆ. ಅವನು ಏನನ್ನು ಆರಿಸಿಕೊಳ್ಳುತ್ತಾನೆ, ಯಾವಾಗ ಎಷ್ಟು ಮನಸ್ಸಿಟ್ಟು ಬೇಡುತ್ತಾನೆ ಎಂಬುದೂ ದೇವರಿಗೆ ಮೊದಲೇ ತಿಳಿದಿದೆ, ಲೋಕದ ಏರ್ಪಾಡು ಮಾಡುವಾಗಲೇ ಆ ಬೇಡಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ಮುಖ್ಯ ಮಾತೆಂದರೆ, ತಿಳಿದಿರುವುದರಿಂದ ಘಟನೆ ನಡೆಯುವುದಿಲ್ಲ, ನಡೆಯಲಿರುವುದರಿಂದ ತಿಳಿದಿರುತ್ತದೆ.

ಆ ಕಾಲದ ಗ್ರೀಕರಲ್ಲಿ ‘ಸೋಮಾರಿ ವಾದ’ ಎಂಬ ಹೆಸರಿನ ಒಂದು ತರ್ಕ ಚಾಲ್ತಿಯಲ್ಲಿತ್ತು. ಕಾಯಿಲೆ ವಾಸಿಯಾಗುವುದು ಹಣೆಯಲ್ಲಿ ಬರೆದಿದ್ದರೆ ವೈದ್ಯನನ್ನು ಕರೆದರೂ ಕರೆಯದಿದ್ದರೂ ವಾಸಿಯಾಗುತ್ತದೆ. ಬರೆದಿಲ್ಲವಾದರೆ ಕರೆದರೂ ಆಗುವುದಿಲ್ಲ. ಆದ್ದರಿಂದ ವೈದ್ಯ ದಂಡ. ಇದಕ್ಕಿದ್ದ ಮರುಜವಾಬನ್ನು ಓರಿಜೆನ್ ತನ್ನ ಇನ್ನೊಂದು ಗ್ರಂಥದಲ್ಲಿ ತಿಳಿಸುತ್ತಾನೆ: ಮಕ್ಕಳಾಗುವುದು ಹಣೆಯಲ್ಲಿ ಬರೆದಿದ್ದರೆ ಹೆಣ್ಣಿನ ಸಂಗವಿಲ್ಲದೆಯೂ ಆಗಬೇಕಲ್ಲ? ಫಲದ ಜೊತೆಗೆ ಅದರ ದಾರಿಯೂ ಬರೆದಿರುತ್ತದೆ ಎಂಬುದು ಇದರ ಇಂಗಿತ. ಮುಂದಿನ ಒಂದು ಸಾವಿರ ವರ್ಷ ಕ್ರೈಸ್ತ ಚಿಂತನೆ ಈ ಒಂದು ಎಳೆಯನ್ನೇ ಹೊಸೆಯಿತು ಎಂದರೆ ತಪ್ಪಿಲ್ಲ. ದೇವರು ಬೇಡಿದವರಿಗೆ ಕೊಡುವೆನೆಂದು ಮೊದಲೇ ಅರಿತಿರುವುದನ್ನು ಪಡೆಯಲು ಪ್ರಾರ್ಥನೆ ಬೇಕು ಎಂದ ಅಗಸ್ಟೀನ್. 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಇನ್ನೂ ಖಚಿತ: ಪ್ರಾರ್ಥಿಸುವುದು ದೇವರ ಸಂಕಲ್ಪವನ್ನು ಬದಲಿಸಲಿಕ್ಕಲ್ಲ, ಪ್ರಾರ್ಥನೆಯ ಮೂಲಕವೇ ಆಗಲೆಂದು ಅವನು ಸಂಕಲ್ಪಿಸಿದ್ದು ಆಗಲಿಕ್ಕೆ. ಸಂಕಲ್ಪ ಅಚಲವಾದ್ದರಿಂದ ಪ್ರಾರ್ಥನೆ ಬೇಡವೆನ್ನುವುದು, ಊರು ಸೇರಲು ನಡೆಯಬೇಕಿಲ್ಲ, ಹೊಟ್ಟೆ ತುಂಬಲು ಉಣ್ಣಬೇಕಿಲ್ಲ ಎಂದಂತೆ. ಪೂರ್ವನಿಶ್ಚಯದ ಸಿದ್ಧಾಂತಕ್ಕೆ ಹೆಸರಾದ ಕ್ಯಾಲ್ವಿನ್‌ನ ಮಹಾಗ್ರಂಥದ 1559ರ ಆವೃತ್ತಿಯಲ್ಲಿ ಆ ಸಿದ್ಧಾಂತದ ಅಧ್ಯಾಯಕ್ಕೆ ಸರಿಯಾಗಿ ಹಿಂದೆ ಪ್ರಾರ್ಥನೆಯ ಕುರಿತು ದೀರ್ಘ ಅಧ್ಯಾಯವಿದೆ. ಹಿಜ್ಕೀಯನಿಗೆ ಬಂದ ಸಾವಿನ ಸಂದೇಶವೇ ಅವನಿಂದ ಪ್ರಾರ್ಥನೆ ಹೊರಡಿಸಲು ದೇವರು ಹೂಡಿದ ಉಪಾಯವೆಂದು ಕ್ಯಾಲ್ವಿನ್ ವಿವರಿಸಿದ. ವಿವರಣೆ ಅಚ್ಚುಕಟ್ಟಾಗಿದೆ. ಗೋಡೆಗೆ ಮುಖಮಾಡಿ ಅತ್ತವನಿಗೆ ಹೀಗೆನ್ನಿಸಿತ್ತೇ ಎಂಬುದು ಬೇರೆ ಮಾತು.

ಇವರೆಲ್ಲರ ನಡುವೆ ಬೊಯೀಥಿಯಸ್‌ನನ್ನು ಮರೆಯುವಂತಿಲ್ಲ. ರೋಮಿನಲ್ಲಿ ಉನ್ನತಾಧಿಕಾರಿಯಾಗಿದ್ದು, ರಾಜದ್ರೋಹದ ಆಪಾದನೆಯ ಮೇಲೆ ಸೆರೆಯಾಗಿ, ಕ್ರಿ.ಶ. 524ರ ಸುಮಾರಿನಲ್ಲಿ ಮರಣದಂಡನೆಯನ್ನು ಎದುರು ನೋಡುತ್ತ ಅವನು ಬರೆದ ಪುಸ್ತಕದ ಐದನೆಯ ಭಾಗ ಈ ಸಮಸ್ಯೆಗೇ ಮೀಸಲು. ದೇವರಿಗೆ ನಿನ್ನೆ ನಾಳೆಗಳಿಲ್ಲ, ಬೆಟ್ಟದ ಮೇಲೆ ನಿಂತವನಂತೆ ಎಲ್ಲವನ್ನೂ ಒಟ್ಟಿಗೇ ಕಾಣುತ್ತಾನೆ, ನೋಡುವುದರಿಂದ ನಡೆಯುವವನ ಕಾಲಿಗೆ ಹಗ್ಗ ಬೀಳುವುದಿಲ್ಲ ಎಂಬುದು ಅವನ ವಾದ. ಆಸೆ, ಪ್ರಾರ್ಥನೆಗಳು ವ್ಯರ್ಥವಲ್ಲ ಎಂಬ ಮಾತಿನೊಂದಿಗೆ ಪುಸ್ತಕ ಕೊನೆಯ ಹಂತಕ್ಕೆ ಬರುತ್ತದೆ. ಬರೆದವನಿಗೆ ಬಿಡುಗಡೆಯಾಗಲಿಲ್ಲ. ಅವನನ್ನು ಕೊಂದರು.

ಕಾಲದಾಚೆಯ ದೇವರೆಂಬ ಈ ವಿಚಾರದಿಂದ ಒಂದು ವಿಚಿತ್ರ ಪ್ರಶ್ನೆ ಹುಟ್ಟುತ್ತದೆ. ಪರೀಕ್ಷೆ ಬರೆದಾಗಿದೆ, ಉತ್ತರಪತ್ರಿಕೆಯ ಮೌಲ್ಯಮಾಪನ ಮುಗಿದಿದೆ, ಅಂಕಪಟ್ಟಿ ಸಿದ್ಧವಾಗಿದೆ. ಫಲಿತಾಂಶದ ಹಿಂದಿನ ರಾತ್ರಿ ದೇವರಿಗೆ ಕೈ ಮುಗಿಯುವ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಯ ಪ್ರಾರ್ಥನೆಗೆ ಅರ್ಥವುಂಟೇ? ಯೆಹೂದಿಗಳ ಮಿಷ್ನಾ ಇದನ್ನು ಖಡಾಖಂಡಿತವಾಗಿ ತಳ್ಳಿಹಾಕುತ್ತದೆ. ಊರೊಳಗಿಂದ ಗೋಳಾಟ ಕೇಳಿದಾಗ ಅದು ತನ್ನ ಮನೆಯದಾಗದಿರಲಿ ಎಂದು ಬೇಡುವುದು, ಹೆಂಡತಿ ಬಸುರಿಯಾದ ಮೇಲೆ ಗಂಡಾಗಲಿ ಎಂದು ಬೇಡುವುದು ಎರಡೂ ಅದರ ಪ್ರಕಾರ ವ್ಯರ್ಥ ಪ್ರಾರ್ಥನೆ. ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ 1947ರ ತಮ್ಮ ಪವಾಡಗಳ ಕುರಿತ ಪುಸ್ತಕದಲ್ಲಿ ಬೇರೆ ನಿಲುವು ತಳೆದರು. ಬೆಳಿಗ್ಗೆ 10 ಗಂಟೆಗೆ ಆಗಿಹೋದ ಘಟನೆಗೆ ಮಧ್ಯಾಹ್ನ 12ರ ಪ್ರಾರ್ಥನೆಯೂ ಒಂದು ಕಾರಣವಾಗಿರಬಹುದು, ದೇವರಿಗೆ ಎರಡೂ ‘ಈಗ’ ತಾನೇ ಎಂದರು. ಫಲಿತಾಂಶ ತಿಳಿದ ಮೇಲೆ ಮಾತ್ರ ಹಾಗೆ ಬೇಡುವಂತಿಲ್ಲ. ಲೂಯಿಸರ ಹೆಸರು ಮತ್ತೆ ಬರಲಿದೆ.

ಅದಕ್ಕೆ ಮೊದಲು ಲೆಕ್ಕ ಹಾಕಲು ಹೊರಟವರ ಕಥೆ. 1871ರ ಡಿಸೆಂಬರಿನಲ್ಲಿ ಬ್ರಿಟಿಷ್ ಯುವರಾಜ (ಮುಂದೆ ಏಳನೆಯ ಎಡ್ವರ್ಡ್ ದೊರೆ) ಟೈಫಾಯಿಡ್ ಜ್ವರದಿಂದ ಸಾವಿನ ಅಂಚಿಗೆ ಹೋದ. ದೇಶದ ಚರ್ಚುಗಳಲ್ಲೆಲ್ಲ ಪ್ರಾರ್ಥನೆ ನಡೆಯಿತು. ಡಿಸೆಂಬರ್ 14ರ ಹೊತ್ತಿಗೆ ಜ್ವರ ಇಳಿಯತೊಡಗಿತು. ಸರಿಯಾಗಿ ಹತ್ತು ವರ್ಷದ ಹಿಂದೆ ಅದೇ ದಿನ ಅವನ ತಂದೆ ಆಲ್ಬರ್ಟ್ ತೀರಿಕೊಂಡಿದ್ದ. ಟೈಫಾಯಿಡ್ ಎಂದೇ ಆಗ ವೈದ್ಯರು ಹೇಳಿದ್ದರು. 1872ರ ಫೆಬ್ರುವರಿ 27ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ರಾಣಿ ವಿಕ್ಟೋರಿಯಾಳ ಸಮ್ಮುಖದಲ್ಲಿ ಕೃತಜ್ಞತಾ ಪೂಜೆಯಾಯಿತು. ಉಳಿಸಿದ್ದು ದೇವರೋ ವೈದ್ಯರೋ ಎಂಬ ಜಗಳವೂ ಶುರುವಾಯಿತು. ಒಂದು ಆಸ್ಪತ್ರೆಯ ಒಂದು ವಾರ್ಡಿಗಾಗಿ ಕೆಲವು ವರ್ಷ ದೇಶವೆಲ್ಲ ಪ್ರಾರ್ಥಿಸಲಿ, ಅಲ್ಲಿನ ಸಾವಿನ ಪ್ರಮಾಣವನ್ನು ಹಿಂದಿನದರೊಂದಿಗೂ ಬೇರೆ ಆಸ್ಪತ್ರೆಗಳದರೊಂದಿಗೂ ಹೋಲಿಸೋಣ ಎಂಬ ಸಲಹೆಯ ಅನಾಮಧೇಯ ಪತ್ರವೊಂದನ್ನು ವಿಜ್ಞಾನಿ ಜಾನ್ ಟಿಂಡಲ್ ಅದೇ ವರ್ಷ ಪ್ರಕಟಣೆಗೆ ಕಳಿಸಿದ. ಬರೆದವನು ಶಸ್ತ್ರವೈದ್ಯ ಹೆನ್ರಿ ಥಾಂಪ್ಸನ್ ಎಂದು ನಂತರ ಗೊತ್ತಾಯಿತು.

ಒಂದೇ ತಿಂಗಳಲ್ಲಿ ಫ್ರಾನ್ಸಿಸ್ ಗಾಲ್ಟನ್ ಅಂಕಿ ಅಂಶಗಳೊಡನೆ ಹಾಜರಾದ. ಭಾನುವಾರವೂ ಪ್ರಜೆಗಳೆಲ್ಲ ರಾಜಮನೆತನದ ದೀರ್ಘಾಯುಷ್ಯಕ್ಕಾಗಿ ಬೇಡುತ್ತಾರಲ್ಲ, ಅವರು ಹೆಚ್ಚು ಬದುಕಬೇಕು. ಗಾಲ್ಟನ್ನನ ಪಟ್ಟಿಯಲ್ಲಿ ರಾಜಮನೆತನದವರ ಸರಾಸರಿ ಆಯುಷ್ಯ 64 ವರ್ಷ ಚಿಲ್ಲರೆ, ಸ್ಥಿತಿವಂತ ವರ್ಗಗಳಲ್ಲೆಲ್ಲ ಅದೇ ಅತಿ ಕಡಿಮೆ! ಪಾದ್ರಿಗಳದು 69ರ ಮೇಲಿದ್ದರೂ ಹೆಸರಾಂತ ಪಾದ್ರಿಗಳನ್ನು ಮಾತ್ರ ಆರಿಸಿ ನೋಡಿದರೆ ವಕೀಲರಿಗಿಂತ ಹೆಚ್ಚೇನೂ ಇಲ್ಲ. ಧರ್ಮಪ್ರಚಾರಕರನ್ನು ಹೊತ್ತ ಹಡಗಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡುವುದಿಲ್ಲ ಎಂದೂ ಅವನು ಚುಚ್ಚಿದ. ಲೆಕ್ಕ ಚುರುಕಾಗಿದೆ, ಆದರೆ ಅದರಲ್ಲೊಂದು ತೂತೂ ಇದೆ. ದೊರೆ ಬಾಳಲಿ ಎಂದು ನಿಯಮದ ಪ್ರಕಾರ ಒಪ್ಪಿಸುವ ಪಾಠಕ್ಕೂ ಕೂಸಿನ ಪಕ್ಕದಲ್ಲಿ ದಾವೀದ ನೆಲಕ್ಕೆ ಬಿದ್ದದ್ದಕ್ಕೂ ಒಂದೇ ತಕ್ಕಡಿ ಸಲ್ಲುವುದಿಲ್ಲ.

ಥಾಂಪ್ಸನ್ ಸೂಚಿಸಿದಂಥ ಪ್ರಯೋಗ ಕೊನೆಗೂ ನಡೆಯಿತು. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ 393 ಹೃದ್ರೋಗಿಗಳ ಅಧ್ಯಯನವೊಂದು ಅಲ್ಪಸ್ವಲ್ಪ ಅನುಕೂಲ ತೋರಿಸಿತಾದರೂ ಅದರ ವಿಧಾನದ ಬಗ್ಗೆ ಬಹಳ ಆಕ್ಷೇಪಗಳು ಬಂದವು. 2006ರಲ್ಲಿ ವೈದ್ಯ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ್ದು ದೊಡ್ಡ ಅಧ್ಯಯನ. ಅಮೆರಿಕದ ಆರು ಆಸ್ಪತ್ರೆಗಳ 1,802 ಬೈಪಾಸ್ ರೋಗಿಗಳನ್ನು ಮೂರು ಗುಂಪು ಮಾಡಿದರು. ಮೂರು ಕ್ರೈಸ್ತ ತಂಡಗಳಿಗೆ ರೋಗಿಯ ಹೆಸರು ಮತ್ತು ಮನೆತನದ ಹೆಸರಿನ ಮೊದಲಕ್ಷರ ಮಾತ್ರ ಕೊಟ್ಟು 14 ದಿನ ಪ್ರಾರ್ಥಿಸುವಂತೆ ಹೇಳಲಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥನೆ ಪಡೆದವರ ಪೈಕಿ 52 ಶೇಕಡಾ, ಪಡೆಯದವರ ಪೈಕಿ 51 ಶೇಕಡಾ ಜನರಿಗೆ ಶಸ್ತ್ರಚಿಕಿತ್ಸೆಯ ನಂತರ ಏನಾದರೊಂದು ತೊಡಕು ಕಂಡಿತು. ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ಅದು 59! ತನಗಾಗಿ ಪ್ರಾರ್ಥನಾ ತಂಡವನ್ನೇ ಕರೆಸಿದ್ದಾರೆಂದರೆ ಸ್ಥಿತಿ ಗಂಭೀರವಿರಬೇಕೆಂದು ರೋಗಿಗಳು ಹೆದರಿರಬಹುದೆಂಬ ಊಹೆ ಕೇಳಿಬಂತು. ದೇವರನ್ನು ಪರೀಕ್ಷಿಸಬಾರದೆಂದು ಬೈಬಲೇ ಹೇಳಿದೆಯಲ್ಲ ಎಂದರು ಭಕ್ತರು. ಪ್ರಾರ್ಥನೆಯಿಲ್ಲದ ಗುಂಪಿನವರಿಗೆ ಹೆಂಡತಿ ಮಕ್ಕಳಿರಲಿಲ್ಲವೇ, ಅವರು ಸುಮ್ಮನೆ ಕೂತಿದ್ದರೇ ಎಂಬುದು ಇನ್ನೂ ಸರಳವಾದ ಆಕ್ಷೇಪ.

ಭವಿಷ್ಯ ಪೂರ್ತಿಯಾಗಿ ಬರೆದಾಗಿಲ್ಲ, ಕೆಲ ಪುಟಗಳನ್ನು ದೇವರೇ ಖಾಲಿ ಬಿಟ್ಟಿದ್ದಾನೆ ಎನ್ನುವವರೂ ಇದ್ದಾರೆ. 1994ರಲ್ಲಿ ಕ್ಲಾರ್ಕ್ ಪಿನ್ನಾಕ್, ಜಾನ್ ಸ್ಯಾಂಡರ್ಸ್ ಮೊದಲಾದ ಐವರು ಉತ್ತರ ಅಮೆರಿಕದ ವಿದ್ವಾಂಸರು ಹೀಗೆ ವಾದಿಸುವ ಪುಸ್ತಕ ತಂದರು. ಅವರ ಓದಿನಲ್ಲಿ ಹಿಜ್ಕೀಯನ ಕಥೆಗೆ ಸುತ್ತುಬಳಸಿನ ವಿವರಣೆ ಬೇಕಿಲ್ಲ: ದೇವರು ಕೊಲ್ಲಬೇಕೆಂದಿದ್ದ, ಅಳು ಕೇಳಿ ಮನಸ್ಸು ಬದಲಿಸಿದ. ಇದು ದೇವರನ್ನು ಕುಗ್ಗಿಸಿದಂತೆ ಎಂದು ದೊಡ್ಡ ಗದ್ದಲವಾಯಿತು. ಪಿನ್ನಾಕ್, ಸ್ಯಾಂಡರ್ಸ್ ಇಬ್ಬರನ್ನೂ ತಮ್ಮ ವಿದ್ವತ್ಸಂಘದಿಂದ ಹೊರಹಾಕುವ ನಿರ್ಣಯ 2003ರಲ್ಲಿ ಮತಕ್ಕೆ ಬಂತು. ಬೇಕಾದ ಮೂರನೆಯ ಎರಡರಷ್ಟು ಮತ ಬೀಳಲಿಲ್ಲ, ಇಬ್ಬರೂ ಉಳಿದರು.

ಇನ್ನು ಲೂಯಿಸರ ವಿಷಯ. 1953ರ ಡಿಸೆಂಬರಿನಲ್ಲಿ ಅವರು ಆಕ್ಸ್‌ಫರ್ಡಿನ ಪಾದ್ರಿಗಳ ಸಂಘದಲ್ಲಿ ಒಂದು ಭಾಷಣ ಮಾಡಿದರು. ಯೇಸು ಎರಡು ಬಗೆಯ ಪ್ರಾರ್ಥನೆ ಕಲಿಸಿದ್ದಾನೆ. ಒಂದು, ದೇವರ ಚಿತ್ತದಂತೆ ಆಗಲಿ ಎಂಬುದು. ಗೆತ್ಸೇಮನೆಯ ತೋಟದಲ್ಲಿ ಶಿಲುಬೆಯ ಹಿಂದಿನ ರಾತ್ರಿ ತನ್ನ ಸಂಕಟ ತಪ್ಪಲೆಂದು ಬೇಡಿದಾಗಲೂ ಅವನು ಅದನ್ನೇ ಸೇರಿಸಿದ, ಸಂಕಟ ತಪ್ಪಲಿಲ್ಲ. ಇನ್ನೊಂದು, ಬೇಡಿದ್ದು ಸಿಕ್ಕೇಬಿಟ್ಟಿತೆಂದು ನಂಬಿ ಬೇಡಿದರೆ ಸಿಗುತ್ತದೆ ಎಂಬುದು. ಒಬ್ಬ ಮನುಷ್ಯ ಒಂದೇ ಗಳಿಗೆಯಲ್ಲಿ ಎರಡನ್ನೂ ಹೇಗೆ ಮಾಡಬೇಕು? ಸಿಗದಿದ್ದರೂ ಸರಿ ಎನ್ನುವವನು ಸಿಕ್ಕೇ ಸಿಗುತ್ತದೆಂದು ನಂಬುವುದು ಹೇಗೆ? ಈ ಎರಡನೆಯ ವಾಗ್ದಾನ ಎಷ್ಟೋ ರೋಗಿಗಳ ಮೇಲೆ ಹೊರೆಯಾಗಿ ಬಿದ್ದಿದೆ. ವಾಸಿಯಾಗದಿದ್ದರೆ ‘ನಂಬಿಕೆ ಸಾಲದು’ ಎಂಬ ಮಾತನ್ನೂ ಅವರೇ ಹೊರಬೇಕಾಗುತ್ತದೆ. ಲೂಯಿಸ್ ಉತ್ತರ ಕೊಡಲಿಲ್ಲ. ಇಂದು ರಾತ್ರಿ ಹೇಗೆ ಪ್ರಾರ್ಥಿಸಲಿ ಎಂದು ಎದುರಿಗಿದ್ದ ಪಾದ್ರಿಗಳನ್ನೇ ಕೇಳಿ ಭಾಷಣ ಮುಗಿಸಿದರು.

ಮೂರು ವರ್ಷ ಕಳೆಯುವುದರೊಳಗೆ ಆ ಪ್ರಶ್ನೆ ಅವರ ಮನೆಗೇ ಬಂತು. ಜಾಯ್ ಡೇವಿಡ್‌ಮನ್ ಎಂಬ ಅಮೆರಿಕನ್ ಲೇಖಕಿಗೆ ಕ್ಯಾನ್ಸರ್ ತೊಡೆಯ ಮೂಳೆಯನ್ನು ತಿಂದಿತ್ತು. 1957ರ ಮಾರ್ಚ್ 21ರಂದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಪೀಟರ್ ಬೈಡ್ ಎಂಬ ಪಾದ್ರಿ ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಲೂಯಿಸರಿಗೂ ಆಕೆಗೂ ಮದುವೆ ಮಾಡಿಸಿದರು. ಸಾವಿಗೆ ದಿನ ಎಣಿಸುತ್ತಿದ್ದಾಕೆ ಚೇತರಿಸಿಕೊಂಡರು, ಮೂಳೆ ಕೂಡಿತು, ನಡೆದಾಡಿದರು. 1959ರ ಜನವರಿಯಲ್ಲಿ ಪ್ರಾರ್ಥನೆಯ ಫಲದ ಕುರಿತು ಲೂಯಿಸ್ ಬರೆದ ಪ್ರಬಂಧದಲ್ಲಿ ಈ ಪ್ರಸಂಗ ಬರುತ್ತದೆ, ಆಕೆ ತಮ್ಮ ಹೆಂಡತಿ ಎಂಬ ಮಾತು ಬರುವುದಿಲ್ಲ. ಇದನ್ನು ಪುರಾವೆಯೆಂದು ಅವರು ಸಾಧಿಸಲೂ ಇಲ್ಲ. ಪ್ರಾರ್ಥನೆ ವಿನಂತಿಯೇ ಹೊರತು ಯಂತ್ರದ ಗುಂಡಿಯಲ್ಲ, ವಿನಂತಿಯನ್ನು ಒಪ್ಪಲೂಬಹುದು ಬಿಡಲೂಬಹುದು ಎಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾನ್ಸರ್ ಮರಳಿತು. 1960ರ ಜುಲೈ 13ರಂದು ಜಾಯ್ ತೀರಿಕೊಂಡರು. ಹಿಜ್ಕೀಯನಿಗೆ ಸಿಕ್ಕಿದ್ದು 15 ವರ್ಷ, ಇವರಿಗೆ ಸಿಕ್ಕಿದ್ದು ಮೂರು ವರ್ಷ ಚಿಲ್ಲರೆ.

ಆ ದುಃಖದ ದಿನಗಳಲ್ಲಿ ದೇವರ ಮೇಲೆಯೇ ಸಿಟ್ಟಾಗಿ ಬರೆದುಕೊಂಡ ಟಿಪ್ಪಣಿಗಳನ್ನು ಲೂಯಿಸ್ 1961ರಲ್ಲಿ ಎನ್.ಡಬ್ಲ್ಯು. ಕ್ಲರ್ಕ್ ಎಂಬ ಸುಳ್ಳು ಹೆಸರಿನಲ್ಲಿ ಅಚ್ಚು ಹಾಕಿಸಿದರು. ಪ್ರಾರ್ಥನೆ ಮಾತ್ರ ಬಿಡಲಿಲ್ಲ. 1963ರ ನವೆಂಬರ್ 22ರಂದು ಅವರೂ ತೀರಿಕೊಂಡರು. ಅದರ ಮರುವರ್ಷ ಹೊರಬಂದ ಅವರ ಕೊನೆಯ ಪುಸ್ತಕ ಪ್ರಾರ್ಥನೆಯನ್ನು ಕುರಿತದ್ದೇ. ಕಾಲ್ಪನಿಕ ಗೆಳೆಯನೊಬ್ಬನಿಗೆ ಬರೆದ ಪತ್ರಗಳ ರೂಪದ ಆ ಪುಸ್ತಕದಲ್ಲಿ, 1953ರಲ್ಲಿ ಪಾದ್ರಿಗಳ ಮುಂದಿಟ್ಟಿದ್ದ ಆ ಪ್ರಶ್ನೆಯನ್ನು ಅವರು ಮತ್ತೊಮ್ಮೆ ಎತ್ತಿಕೊಂಡಿದ್ದಾರೆ.